ಸೆರೆಯಿಂದ ಬಂದವನಿಗೊಂದು ಕೋಣೆ

ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ರಾತ್ರಿಯ ಗಾಡಿಗೆ ಕಾದು ಕುಳಿತವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಹುಬ್ಬಳ್ಳಿಯ ಕಡೆಯ ಗಾಡಿ ಬಂದು ಹೋಗಿ, ಬೆಂಗಳೂರಿನ ಕಡೆಯದೂ ಬಂದು ಹೋಗಿ, ಚಹಾದವನು ಒಲೆ ಆರಿಸಿದ ಮೇಲೂ ಕಲ್ಲುಬೆಂಚಿನ ಮೇಲೆ ಒಬ್ಬಿಬ್ಬರು ಉಳಿದಿರುತ್ತಾರೆ. ಅವರು ಯಾವ ಗಾಡಿಗೂ ಕಾದವರಲ್ಲ. ಹಿರಿಯೂರಿನ ಹೆದ್ದಾರಿಯ ಬದಿಯಲ್ಲಿ, ಚಿತ್ರದುರ್ಗದ ಬಸ್ ನಿಲ್ದಾಣದಲ್ಲಿ, ಹೊಸದುರ್ಗದ ಸಂತೆ ಮೈದಾನದ ಕಟ್ಟೆಯ ಮೇಲೆ ಇಂಥವರನ್ನು ನಾವೆಲ್ಲ ನೋಡಿದ್ದೇವೆ. ನೋಡಿ, ನೋಡದವರ ಹಾಗೆ ಮುಂದೆ ಹೋಗಿದ್ದೇವೆ.

ಅಂಥವರಲ್ಲಿ ಒಬ್ಬನ ಮುಖವನ್ನು ಮಾತ್ರ ನಾನು ನೋಡದ ಹಾಗೆ ಹೋಗಲಾಗಲಿಲ್ಲ. ಅವನು ನಮ್ಮೂರಿನವನು. ನನಗಿಂತ ಐದಾರು ವರ್ಷ ದೊಡ್ಡವನು. ಹೊಲದ ಬದುವಿನ ಜಗಳದಲ್ಲಿ ಒಂದು ಜೀವ ಹೋಗಿತ್ತು. ಬಳ್ಳಾರಿ ಜೈಲಿನಲ್ಲಿ ಹದಿನಾಲ್ಕು ವರ್ಷ ಕಳೆದು ಊರಿಗೆ ಬರುವ ಹೊತ್ತಿಗೆ ಹೆಂಡತಿ ತೀರಿಕೊಂಡಿದ್ದಳು, ಹೊಲ ತಮ್ಮಂದಿರಲ್ಲಿ ಪಾಲಾಗಿತ್ತು. ಊರು ಅವನನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಸುಮ್ಮನೆ ಮಾತು ನಿಲ್ಲಿಸಿತು. ಒಂದು ದಿನ ಹೊಳಲ್ಕೆರೆಯ ನಮ್ಮ ಮನೆಯ ಬಾಗಿಲಿಗೆ ಬಂದು ನಿಂತ. ಒಳಗೆ ಬಾ ಅಂದರೂ ಬರಲಿಲ್ಲ.

"ಮೇಷ್ಟ್ರೆ, ನಿಮ್ಮ ಹಿಂದ್ಲು ರೂಮು ಖಾಲಿ ಐತಂತಲ್ಲ. ಬಾಡಿಗಿ ಕೊಡ್ತೀನಿ. ಕೂಲಿಗೆ ಹೋಗ್ತೀನಿ" ಅಂದ.

ಮಗ ಬೆಂಗಳೂರಿಗೆ ಹೋದ ಮೇಲೆ ಆ ಕೋಣೆ ಖಾಲಿಯೇ ಇತ್ತು. ನಾನು "ನೋಡಾಣ ಬಿಡಣ್ಣ, ಮನೇಲಿ ಒಂದ್ಮಾತು ಕೇಳಿ ಹೇಳ್ತೀನಿ" ಅಂದೆ. ಮನೆಯಲ್ಲಿ ನಾನು ಕೇಳಲೇ ಇಲ್ಲ. ಹದಿನಾಲ್ಕು ವರ್ಷ ಬೀಗದ ಸದ್ದು ಕೇಳಿದವನಿಗೆ "ನೋಡೋಣ" ಎನ್ನುವುದರ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. "ಆಗ್ಲಿ ಮೇಷ್ಟ್ರೆ, ತೊಂದ್ರಿಲ್ಲ" ಎಂದು ಹೊರಟುಹೋದ. ಮುಂದೆ ಕೆಲವು ತಿಂಗಳು ಅವನು ಮಲಗಿದ್ದು ಚಿಕ್ಕಜಾಜೂರಿನ ಕಲ್ಲುಬೆಂಚಿನ ಮೇಲೆ. ಆಮೇಲೆ ಬಾಡಿಗೆ ಶೆಡ್ಡೊಂದರಲ್ಲಿ ಪ್ರಾರ್ಥನೆ ನಡೆಸುತ್ತಿದ್ದ ಕ್ರೈಸ್ತರ ಒಂದು ಸಣ್ಣ ಗುಂಪು ಅವನನ್ನು ಕರೆದುಕೊಂಡು ಹೋಯಿತೆಂದು ಕೇಳಿದೆ. ಆಗ ಊರು ಮಾತಾಡತೊಡಗಿತು: "ನೋಡಿದ್ರಾ, ಅನ್ನ ಹಾಕಿ ಜಾತಿ ಕೆಡಿಸಿದ್ರು."

ಮೂವತ್ತು ವರ್ಷ ಮಕ್ಕಳಿಗೆ ಚರಿತ್ರೆ ಪಾಠ ಹೇಳಿದ ನನಗೆ ಈ ಮಾತು ಎಲ್ಲೋ ಓದಿದ ಹಾಗೆ ಕೇಳಿಸಿತು. ಹುಡುಕುತ್ತ ಹೋದೆ. ನಮ್ಮ ನಾಡಿನಲ್ಲಿ ಸೆರೆಯಿಂದ ಬಂದವರ, ನೆಲೆ ಇಲ್ಲದವರ ಬಳಿಗೆ ಕ್ರೈಸ್ತ ಪಾದ್ರಿಗಳು ಹೋದ ಕಥೆ ಇನ್ನೂರು ವರ್ಷಕ್ಕೂ ಹಳೆಯದು. ಅದರ ಮೊದಲ ಪುಟಗಳಲ್ಲೇ ನಮ್ಮ ಚಿತ್ರದುರ್ಗವೂ ಇದೆ.

ಸೆರೆಗೆ ಹೋದವರಲ್ಲಿ ಮೊದಲಿಗರು ನಮ್ಮವರೇ. 1779ರಲ್ಲಿ ಹೈದರಾಲಿ ಮದಕರಿನಾಯಕನನ್ನು ಸೋಲಿಸಿ ದುರ್ಗವನ್ನು ಹಿಡಿದಾಗ ಇಪ್ಪತ್ತು ಸಾವಿರ ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದನೆಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ಅವರಲ್ಲಿ ಹರೆಯದ ಹುಡುಗರನ್ನು ಆಯ್ದು 'ಚೇಲಾ' ದಳಗಳನ್ನು ಕಟ್ಟಿದರು. ಐದು ವರ್ಷದ ತರುವಾಯ, 1784ರ ಫೆಬ್ರುವರಿಯಲ್ಲಿ, ಟಿಪ್ಪು ಸುಲ್ತಾನ್ ಕರಾವಳಿಯ ಕ್ಯಾಥೊಲಿಕರನ್ನು ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಸೆರೆಹಿಡಿಸಿ ಘಟ್ಟ ಹತ್ತಿಸಿದ. ಅವರ ಸಂಖ್ಯೆಯನ್ನು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹತ್ತಾರು ಸಾವಿರ ಎನ್ನುವುದರಲ್ಲಿ ಅನುಮಾನವಿಲ್ಲ. ಅವರನ್ನೂ ಒಯ್ದದ್ದು ಶ್ರೀರಂಗಪಟ್ಟಣಕ್ಕೆ. ಇನ್ನೊಂದು ಗುಂಪು ಇಂಗ್ಲಿಷ್ ಹುಡುಗರದು. 1782ರಲ್ಲಿ ಫ್ರೆಂಚ್ ನೌಕಾಪತಿ ಸುಫ್ರೆನ್ ತಾನು ಹಿಡಿದ ಇಂಗ್ಲಿಷ್ ಹಡಗುಗಳ ಜನರನ್ನು ಹೈದರನ ವಶಕ್ಕೆ ಕೊಟ್ಟಿದ್ದ. ಅವರಲ್ಲಿ 'ಹ್ಯಾನಿಬಲ್' ಎಂಬ ಹಡಗಿನ ಜೇಮ್ಸ್ ಸ್ಕರಿ ಎಂಬ ಹದಿಹರೆಯದವನೂ ಒಬ್ಬ. ಇಂಥ ಹುಡುಗರನ್ನು ಮತಾಂತರಿಸಿ, ಚೇಲಾ ದಳಗಳಿಗೆ ಕವಾಯತು ಕಲಿಸಲು ಹಚ್ಚಿದರು. ಕವಾಯತು ಕಲಿಸುವವನೂ ಸೆರೆಯಾಳು, ಕಲಿಯುವವನೂ ಸೆರೆಯಾಳು.

ಮೂರನೆಯ ಮೈಸೂರು ಯುದ್ಧದ ಕಾಲಕ್ಕೆ ಸ್ಕರಿ ಚಿತ್ರದುರ್ಗದ ಕೋಟೆಯಲ್ಲಿದ್ದ. ಅಲ್ಲಿಂದ ಜೊತೆಗಾರರೊಡನೆ ತಪ್ಪಿಸಿಕೊಂಡು, ಮರಾಠರ ಜೊತೆಗಿದ್ದ ಇಂಗ್ಲಿಷ್ ತುಕಡಿಯನ್ನು ಸೇರಿದ. ಅವನ ನೆನಪುಗಳು ಅವನು ಸತ್ತ ಮೇಲೆ, 1824ರಲ್ಲಿ, ಪುಸ್ತಕವಾಗಿ ಬಂದವು. ಸೆರೆಮನೆಯ ಕಷ್ಟಗಳನ್ನು ಎಲ್ಲರೂ ಉದ್ಧರಿಸುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬಿಡುಗಡೆಯಾದ ನಂತರದ ವಿವರ. ತನ್ನ ಜನರ ನಡುವೆ ಬಂದ ಸ್ಕರಿಗೆ ಕುರ್ಚಿಯ ಮೇಲೆ ಕೂರುವುದು ಮರೆತುಹೋಗಿತ್ತು. ಚಾಕು, ಮುಳ್ಳುಚಮಚ ಹಿಡಿಯಲು ಬರುತ್ತಿರಲಿಲ್ಲ. ತಾಯಿನುಡಿ ತೊದಲುತ್ತಿತ್ತು. ಸ್ವಂತ ದೇಶದ ಉಡುಪು ಮೈಗೆ ಒಗ್ಗುತ್ತಿರಲಿಲ್ಲ. ಸೆರೆಯಲ್ಲಿದ್ದಾಗ ಕಟ್ಟಿಕೊಟ್ಟ ಹೆಂಡತಿ ಅಲ್ಲೇ ಉಳಿದುಹೋಗಿದ್ದಳು.

ದುರ್ಗದ ಕೋಟೆಯ ಬಾಗಿಲಿನಿಂದ ಹೊರಬರುವುದು ಒಂದು ರಾತ್ರಿಯ ಕೆಲಸ. ಕುರ್ಚಿಯ ಮೇಲೆ ಮತ್ತೆ ಕೂರುವುದು ಒಂದು ರಾತ್ರಿಯ ಕೆಲಸವಲ್ಲ. ನಮ್ಮೂರಿನವನು ಒಳಗೆ ಬಾ ಅಂದರೂ ಬರದೆ ಹೊಸ್ತಿಲಾಚೆಯೇ ನಿಂತದ್ದು ಸಂಕೋಚದಿಂದ ಎಂದುಕೊಂಡಿದ್ದೆ. ಮನೆಯೊಳಗೆ ಹೇಗೆ ಕೂರಬೇಕೆಂಬುದೇ ಅವನಿಗೆ ಮರೆತಿತ್ತೇನೋ ಎಂದು ಸ್ಕರಿಯನ್ನು ಓದಿದ ಮೇಲೆ ಹೊಳೆಯಿತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಸೆರೆಯಾಳುಗಳು ಹೊರಬಂದರು. ಕರಾವಳಿಯ ಕ್ರೈಸ್ತರಲ್ಲಿ ಅನೇಕರು ಊರಿಗೆ ಮರಳಿದರು. ಮರಳಿದವರು ಕಂಡದ್ದು ಬೇರೆಯವರ ಕೈಸೇರಿದ ಗದ್ದೆ, ಬಿದ್ದುಹೋದ ಇಗರ್ಜಿ. ಮೈಸೂರಿನಲ್ಲೇ ಉಳಿದವರಿಗೆ ಇನ್ನೊಂದು ತೊಡಕು. ಸೆರೆಯಲ್ಲಿ ಮತ ಬಿಟ್ಟವರನ್ನು ಮತ್ತೆ ಸೇರಿಸಿಕೊಳ್ಳುವವರು ಯಾರು? ಆಗ ಆರ್ಥರ್ ವೆಲ್ಲೆಸ್ಲಿಯ ಕರೆಯ ಮೇರೆಗೆ ಶ್ರೀರಂಗಪಟ್ಟಣಕ್ಕೆ ಬಂದವನು ಅಬ್ಬೆ ದುಬೊಯ್ ಎಂಬ ಫ್ರೆಂಚ್ ಪಾದ್ರಿ. 1792ರಲ್ಲಿ ಗುರುದೀಕ್ಷೆ ಪಡೆದು ಅದೇ ವರ್ಷ ಹಡಗು ಹತ್ತಿದವನು. ಫ್ರಾನ್ಸಿನ ಕ್ರಾಂತಿಯಲ್ಲಿ ಉಳಿದಿದ್ದರೆ ತಲೆ ಉಳಿಯುತ್ತಿರಲಿಲ್ಲ. ಹಿಂದೂಗಳ ಆಚಾರ ವಿಚಾರಗಳ ಬಗ್ಗೆ ಅವನ ಹೆಸರಿನಲ್ಲಿ ಬಂದ ದೊಡ್ಡ ಗ್ರಂಥದಿಂದ ನಮ್ಮ ವಿದ್ವಾಂಸರಿಗೆ ಅವನು ಪರಿಚಿತ. ಬಿಳಿಯ ನಿಲುವಂಗಿ, ತಲೆಗೆ ಪೇಟ, ಕೈಯಲ್ಲಿ ಬಿದಿರುಕೋಲು, ಸಸ್ಯಾಹಾರ. ಇಲ್ಲಿಯವರ ಹಾಗೇ ಬದುಕಿದ.

ಆದರೆ ಅವನು ಮೈಸೂರಿಗೆ ಬಂದದ್ದು ಗ್ರಂಥ ಬರೆಯಲಲ್ಲ. ಸೆರೆಯಿಂದ ಬಂದವರನ್ನು ಒಟ್ಟುಗೂಡಿಸಲು ಬಂದ. ಅವನು ಮಾಡಿದ ಕೆಲಸಗಳಲ್ಲಿ ಎರಡು ಇಂದಿಗೂ ಗಮನಿಸಬೇಕಾದವು. ಒಂದು, ಸಿಡುಬಿನ ವಿರುದ್ಧ ಹೊಸದಾಗಿ ಬಂದಿದ್ದ ದೇವಿ ಹಾಕಿಸುವ ಪದ್ಧತಿಯನ್ನು ಮೈಸೂರು ಸೀಮೆಯಲ್ಲಿ ಸಾವಿರಾರು ಜನರಿಗೆ ತಲುಪಿಸಿದ್ದು. ಇನ್ನೊಂದು, ನೆಲೆ ಕಳೆದುಕೊಂಡ ಕ್ರೈಸ್ತರಿಗಾಗಿ ಹಾಸನದ ಸುತ್ತಮುತ್ತ ಬೇಸಾಯದ ನೆಲೆಗಳನ್ನು ಕಟ್ಟಿಸಿದ್ದು. ಪ್ರಾರ್ಥನೆ ಪುಸ್ತಕದ ಜೊತೆಗೆ ನೇಗಿಲೂ ಬೇಕೆಂದು ಅವನಿಗೆ ತಿಳಿದಿತ್ತು. ಮನೆ, ಹೊಲ ಇಲ್ಲದವನಿಗೆ ಪಾಪಕ್ಷಮೆಯನ್ನಷ್ಟೇ ಕೊಟ್ಟರೆ ಅವನು ಅದನ್ನು ಎಲ್ಲಿ ಇಟ್ಟುಕೊಂಡಾನು?

1823ರಲ್ಲಿ ದುಬೊಯ್ ಭಾರತ ಬಿಟ್ಟು ಹೊರಟ. ಅದೇ ವರ್ಷ ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತ ಅವನ ಪತ್ರಗಳು ಲಂಡನ್ನಿನಲ್ಲಿ ಅಚ್ಚಾದವು. ಮಿಷನರಿಗಳಿಗೆ ಸಿಡಿಲು ಬಡಿದಂತಾಯಿತು. ಇಪ್ಪತ್ತೈದು ವರ್ಷಗಳ ಕೆಲಸದಲ್ಲಿ ಒಬ್ಬ ದೇಶೀ ಪಾದ್ರಿಯ ನೆರವಿನಿಂದ ತಾನು ಮತಕ್ಕೆ ಸೇರಿಸಿದ್ದು ಒಟ್ಟು 200ರಿಂದ 300 ಜನ ಮಾತ್ರ ಎಂದು ಆತ ಬರೆದಿದ್ದ. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಸ್ಪೃಶ್ಯರೆನಿಸಿಕೊಂಡವರು ಅಥವಾ ಭಿಕ್ಷುಕರು; ಉಳಿದವರು ಶೂದ್ರರು, ಅಲೆಮಾರಿಗಳು, ಜಾತಿಯಿಂದ ಹೊರಬಿದ್ದವರು. ಬೇರೆ ಗತಿಯಿಲ್ಲದೆ, ಹೆಚ್ಚಾಗಿ ಮದುವೆ ಸಂಬಂಧ ಕೂಡಿಬರಲೆಂದು, ಇಲ್ಲವೇ ಇನ್ನಾವುದೋ ಲಾಭಕ್ಕಾಗಿ ಅವರು ಬಂದರೆಂದು ಅವನೇ ಹೇಳಿಕೊಂಡ. ಜೇಮ್ಸ್ ಹಾಫ್ ಎಂಬ ಪಾದ್ರಿ ಮರುವರ್ಷವೇ ಇದಕ್ಕೆ ಉತ್ತರವಾಗಿ ಒಂದು ಪುಸ್ತಕ ಪ್ರಕಟಿಸಬೇಕಾಯಿತು.

"ಅನ್ನ ಹಾಕಿ ಜಾತಿ ಕೆಡಿಸಿದರು" ಎಂಬ ನಮ್ಮೂರಿನ ಮಾತನ್ನು ಎಲ್ಲೋ ಓದಿದ್ದೇನೆ ಎಂದೆನಲ್ಲ, ಅದು ಇಲ್ಲಿ. ಹೇಳಿದವನು ವಿರೋಧಿಯಲ್ಲ, ಪಾದ್ರಿಯೇ. ಅವನ ಪ್ರಾಮಾಣಿಕತೆಗೆ ತಲೆಬಾಗುತ್ತೇನೆ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಗತಿಯಿಲ್ಲದವನು ಗತಿ ಹುಡುಕಿಕೊಂಡು ಬಂದದ್ದನ್ನು ದುಬೊಯ್ ಕುಂದು ಎಂದು ಎಣಿಸಿದನಲ್ಲ, ಅದು ಸರಿಯೇ? ಮದುವೆಯಾಗಬೇಕು, ನಾಲ್ಕು ಜನರ ಜೊತೆ ಕೂತು ಉಣ್ಣಬೇಕು ಎನ್ನುವುದು ಅಷ್ಟೊಂದು ಹಗುರವಾದ ಆಸೆಯೇ? ಹೊಟ್ಟೆ ತುಂಬಿದವನ ಭಕ್ತಿಯನ್ನು ನಾವು ಹೀಗೆ ತೂಗಿ ನೋಡುವುದಿಲ್ಲ. ಮಗನಿಗೆ ಕೆಲಸ ಸಿಗಲೆಂದು ಹರಕೆ ಹೊರುವವನನ್ನು ಆಮಿಷಕ್ಕೆ ಬಿದ್ದವನೆಂದು ಯಾರೂ ಕರೆಯುವುದಿಲ್ಲ.

ಈ ಅನುಮಾನ ಮುಂದೆ ಬರಗಾಲದಲ್ಲಿ ಇನ್ನೂ ದೊಡ್ಡದಾಯಿತು. 1876ರಿಂದ 78ರವರೆಗಿನ ಧಾತು ಈಶ್ವರ ಬರಗಾಲದಲ್ಲಿ ಮೈಸೂರು ಸಂಸ್ಥಾನ ಬರಿದಾಯಿತು. 1871ರ ಜನಗಣತಿಯಲ್ಲಿ 50 ಲಕ್ಷ 55 ಸಾವಿರ ಇದ್ದ ಜನ 1881ರಲ್ಲಿ 41 ಲಕ್ಷ 86 ಸಾವಿರಕ್ಕೆ ಇಳಿದರು. ತುಮಕೂರು, ಕೋಲಾರಗಳ ಹಾಗೆ ನಮ್ಮ ಚಿತ್ರದುರ್ಗದ ಒಣಸೀಮೆಯೂ ಬೆಂದುಹೋಯಿತು. ದಿಕ್ಕಿಲ್ಲದ ಮಕ್ಕಳು ದಾರಿಗೆ ಬಿದ್ದವು. ವೆಸ್ಲಿಯನ್ ಮಿಷನ್ನಿನವರು ತುಮಕೂರಿನಲ್ಲಿ ಗಂಡುಮಕ್ಕಳಿಗೆ, ಹಾಸನದಲ್ಲಿ ಹೆಣ್ಣುಮಕ್ಕಳಿಗೆ ಅನಾಥಾಲಯ ತೆರೆದರು. ಆ ಮಕ್ಕಳು ಕ್ರೈಸ್ತರಾಗಿ ಬೆಳೆದರು. ಅವರು ತಾವಾಗಿ ಆರಿಸಿಕೊಂಡರೇ ಎಂದು ಕೇಳಿದರೆ, ಇಲ್ಲ. ಅವರ ಮುಂದಿದ್ದ ಇನ್ನೊಂದು ದಾರಿ ಯಾವುದು ಎಂದು ಕೇಳಿದರೆ, ಅದಕ್ಕೂ ಉತ್ತರ ಕೊಡುವುದು ಕಷ್ಟ.

ಇಷ್ಟು ಹೇಳಿ ನಿಲ್ಲಿಸಿದರೆ ನಾನು ಪಾದ್ರಿಗಳ ಪರ ವಕೀಲಿ ಮಾಡಿದಂತಾದೀತು. ಈ ಚರಿತ್ರೆಗೆ ಇನ್ನೊಂದು ಪುಟವಿದೆ. ಅದನ್ನು ಓದುವಾಗ ಮನಸ್ಸು ಕಹಿಯಾಗುತ್ತದೆ.

1871ರಲ್ಲಿ ಬ್ರಿಟಿಷ್ ಸರ್ಕಾರ 'ಅಪರಾಧಿ ಬುಡಕಟ್ಟು ಕಾಯಿದೆ' ಎಂಬುದನ್ನು ತಂದಿತು. ಕೆಲವು ಜಾತಿಗಳಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಕಳ್ಳರು ಎಂಬುದು ಅದರ ತಿರುಳು. 1911ರ ತಿದ್ದುಪಡಿಯಿಂದ ಅದು ಮುಂಬೈ, ಮದರಾಸು ಪ್ರಾಂತ್ಯಗಳಿಗೂ ಬಂತು. ಅಲೆಮಾರಿಗಳಾದ ಕೊರಮ, ಕೊರಚ, ಗಂಟಿಚೋರ, ಹರಣಶಿಕಾರಿ ಜನರನ್ನು ಹಿಡಿದು ತಂತಿಬೇಲಿಯೊಳಗಿನ 'ಸೆಟ್ಲ್‌ಮೆಂಟು'ಗಳಲ್ಲಿ ಇರಿಸುವ ಅಧಿಕಾರ ಸರ್ಕಾರಕ್ಕೆ ಸಿಕ್ಕಿತು. ಈ ಸೆಟ್ಲ್‌ಮೆಂಟುಗಳನ್ನು ನೋಡಿಕೊಳ್ಳಲು ಸರ್ಕಾರ ಕರೆದದ್ದು ಅನೇಕ ಕಡೆ ಮಿಷನರಿಗಳನ್ನೇ. ಮುಕ್ತಿಸೇನೆ ಎಂದು ಹೆಸರಾದ ಸಾಲ್ವೇಶನ್ ಆರ್ಮಿಯ ಬೂತ್-ಟಕರ್ ಈ ಕೆಲಸಕ್ಕೆ ಮುಂದಾದ. ಅಪರಾಧವನ್ನು ಕಾಯಿಲೆಯಂತೆ ವಾಸಿಮಾಡಬಹುದೆಂದು ವಾದಿಸಿ 'ಕ್ರಿಮಿನೋಕ್ಯೂರಾಲಜಿ' ಎಂಬ ಹೊತ್ತಗೆಯನ್ನೇ ಬರೆದ. ಆಂಧ್ರದ ಸ್ಟುವರ್ಟ್‌ಪುರಂ 1913ರಲ್ಲಿ ಹುಟ್ಟಿದ್ದು ಹೀಗೆ. ನಮ್ಮ ಕಡೆ ಮುಂಬೈ ಪ್ರಾಂತ್ಯದ ಬಿಜಾಪುರ, ಗದಗ, ಹುಬ್ಬಳ್ಳಿಗಳಲ್ಲಿ ಸ್ಟಾರ್ಟೆ ಎಂಬ ಐ.ಸಿ.ಎಸ್. ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಸೆಟ್ಲ್‌ಮೆಂಟುಗಳು ನಡೆದವು. ಹುಬ್ಬಳ್ಳಿಯದನ್ನು ಎಸ್.ಪಿ.ಜಿ. ಎಂಬ ಆಂಗ್ಲಿಕನ್ ಮಿಷನ್ ನೋಡಿಕೊಳ್ಳುತ್ತಿತ್ತು. ಅಲ್ಲಿಯ ಗಂಡಸರು ರೈಲ್ವೆ ಕಾರ್ಖಾನೆಗೆ, ಹೆಂಗಸರೂ ಗಂಡಸರೂ ನೂಲಿನ ಗಿರಣಿಗೆ ದುಡಿಯಲು ಹೋಗುತ್ತಿದ್ದರು.

ಶಾಲೆ ಇತ್ತು, ಔಷಧ ಇತ್ತು, ಕೂಲಿ ಇತ್ತು. ಅವನ್ನು ಅಲ್ಲಗಳೆಯಲಾಗದು. ಆದರೆ ಹಾಜರಿಯೂ ಇತ್ತು. ಚೀಟಿ ಇಲ್ಲದೆ ಹೊರಗೆ ಹೋಗುವಂತಿರಲಿಲ್ಲ. ತಪ್ಪಿಸಿಕೊಂಡರೆ ಜೈಲು. ಯಾವ ತಪ್ಪೂ ಮಾಡದ ತಾಯಿ, ಯಾವ ತಪ್ಪನ್ನೂ ಮಾಡಲು ಬಾರದ ಕೂಸು ಬೇಲಿಯೊಳಗೆ. ಪಾಪಿಗಳನ್ನು ಉದ್ಧರಿಸಬೇಕೆಂದು ಸಮುದ್ರ ದಾಟಿ ಬಂದವರಲ್ಲಿ ಒಳ್ಳೆಯವರೂ ಇದ್ದರು, ನಿಜ. ಆದರೆ ಒಳ್ಳೆಯವರ ಸೊಂಟದಲ್ಲಿ ಬೀಗದಕೈ ನೇತಾಡುತ್ತಿತ್ತು. ಒಂದು ಕೈಯಲ್ಲಿ ಬೈಬಲ್, ಇನ್ನೊಂದು ಕೈಯಲ್ಲಿ ಹಾಜರಿಪುಸ್ತಕ. ಸೆರೆಯಿಂದ ಬಿಡುಗಡೆ ಎಂಬ ಮಾತನ್ನು ಸೆರೆಯೊಳಗಿಟ್ಟೇ ಬೋಧಿಸಿದರೆ ಕೇಳುವವನಿಗೆ ಯಾವುದು ತಲುಪಿತು?

ಸ್ವಾತಂತ್ರ್ಯ ಬಂದು ಐದು ವರ್ಷವಾದ ಮೇಲೆ, 1952ರ ಆಗಸ್ಟ್ 31ರಂದು, ಆ ಕಾಯಿದೆ ರದ್ದಾಯಿತು. ಆ ಜನ 'ವಿಮುಕ್ತ'ರಾದರು. ಬೇಲಿ ಹೋಯಿತು, ಹೆಸರು ಹೋಗಲಿಲ್ಲ. ಹುಬ್ಬಳ್ಳಿಯಲ್ಲಿ, ಗದಗಿನಲ್ಲಿ ಆ ಕೇರಿಗಳನ್ನು ಇಂದಿಗೂ 'ಸೆಟ್ಲ್‌ಮೆಂಟ್' ಎಂದೇ ಕರೆಯುತ್ತಾರೆ. ಕಾಯಿದೆಯ ಜಾಗಕ್ಕೆ ರೂಢಿಗತ ಅಪರಾಧಿಗಳ ಕಾಯಿದೆಗಳು ಬಂದವು. ಜೈಲಿನ ಕೈಪಿಡಿಗಳಲ್ಲಿ ಜಾತಿ ನೋಡಿ ಕೆಲಸ ಹಂಚುವ, ಈ ಬುಡಕಟ್ಟುಗಳನ್ನು ಶಂಕೆಯಿಂದ ನೋಡುವ ನಿಯಮಗಳು ಎಷ್ಟು ಕಾಲ ಉಳಿದಿದ್ದವೆಂದರೆ, 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟು ಅವು ಸಂವಿಧಾನಕ್ಕೆ ವಿರುದ್ಧ ಎನ್ನಬೇಕಾಯಿತು.

ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡವರು ಪಾದ್ರಿಗಳು ಮಾತ್ರವಲ್ಲ ಎಂಬುದನ್ನೂ ಹೇಳಬೇಕು. ನಮ್ಮ ರಾಜ್ಯದ 1975ರ ಭಿಕ್ಷಾಟನೆ ನಿಷೇಧ ಕಾಯಿದೆಯ ಪ್ರಕಾರ ಬೇಡುವವನನ್ನು ಹಿಡಿದು ನಿರಾಶ್ರಿತರ ಕೇಂದ್ರದಲ್ಲಿ ಇರಿಸಬಹುದು. ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಅದಕ್ಕೆಂದೇ ಒಂದು ಕರವನ್ನೂ ಕೊಡುತ್ತೇವೆ. ಬೆಂಗಳೂರಿನ ಮಾಗಡಿ ರಸ್ತೆಯ ಕೇಂದ್ರದಲ್ಲಿ 2010ರ ಆಗಸ್ಟ್‌ನಲ್ಲಿ ಒಬ್ಬರ ಹಿಂದೆ ಒಬ್ಬರು ಸತ್ತಾಗ ನಾಡು ಒಂದು ವಾರ ಬೆಚ್ಚಿಬಿದ್ದು, ಆಮೇಲೆ ಮರೆಯಿತು. ಕರ ಕೊಟ್ಟಮೇಲೆ ಕೋಣೆ ಕೊಡಬೇಕಿಲ್ಲ ಎಂದು ನನ್ನಂಥವರು ಸಮಾಧಾನ ಮಾಡಿಕೊಳ್ಳುತ್ತೇವೆ.

ಈ ಹಳೆಯ ಪ್ರಶ್ನೆ ನಮ್ಮ ಹೊಸದುರ್ಗದಲ್ಲೇ ಎದ್ದುನಿಂತದ್ದು 2021ರಲ್ಲಿ. ಆ ಸೆಪ್ಟೆಂಬರಿನಲ್ಲಿ ಆಗಿನ ಹೊಸದುರ್ಗದ ಶಾಸಕ ಗೂಳಿಹಟ್ಟಿ ಶೇಖರ್ ಅವರು ವಿಧಾನಸಭೆಯಲ್ಲಿ ಮಾತಾಡಿ, ತಮ್ಮ ಕ್ಷೇತ್ರದಲ್ಲಿ ಸಾವಿರಾರು ಜನ ಮತಾಂತರಗೊಂಡಿದ್ದಾರೆ, ತಮ್ಮ ತಾಯಿಯೂ ಅವರಲ್ಲಿ ಒಬ್ಬರು ಎಂದರು. ಮಗನೊಬ್ಬನ ನೋವು ಅದರಲ್ಲಿತ್ತು; ಅದನ್ನು ಹಗುರವಾಗಿ ಕಾಣಬಾರದು. ತಾಲ್ಲೂಕಿನ ಹಳ್ಳಿಗಳಲ್ಲಿ ವಿಚಾರಣೆ ನಡೆಯಿತು. ಬಲವಂತದ ಮತಾಂತರ ಕಂಡುಬಂದಿಲ್ಲವೆಂದು ತಹಶೀಲ್ದಾರರ ವರದಿ ಹೇಳಿತು. ಅದೇ ಡಿಸೆಂಬರಿನಲ್ಲಿ ಅವರಿಗೆ ವರ್ಗವಾಯಿತೆಂದು ಪತ್ರಿಕೆಗಳಲ್ಲಿ ಓದಿದೆವು. 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ, ಸೆಪ್ಟೆಂಬರಿನಲ್ಲಿ ಕಾಯಿದೆಯಾಗಿ ಮತಾಂತರ ನಿಷೇಧದ ಕಾನೂನು ಬಂತು. 2023ರ ಜೂನ್‌ನಲ್ಲಿ ಮುಂದಿನ ಸಚಿವ ಸಂಪುಟ ಅದನ್ನು ರದ್ದುಪಡಿಸಲು ತೀರ್ಮಾನಿಸಿತು.

ಆ ಕಾಯಿದೆಯಲ್ಲಿ 'ಆಮಿಷ' ಎಂದರೆ ಏನೆಂಬ ವಿವರಣೆಯನ್ನು ಕುಳಿತು ಓದಿದೆ. ಉಡುಗೊರೆ, ಹಣ ಅಥವಾ ವಸ್ತುರೂಪದ ಲಾಭ, ಉದ್ಯೋಗ, ಉಚಿತ ಶಿಕ್ಷಣ, ಮದುವೆಯಾಗುವ ಭರವಸೆ, ಉತ್ತಮ ಜೀವನ. ಓದುತ್ತ ಓದುತ್ತ ದುಬೊಯ್ ನೆನಪಾದ. 1823ರಲ್ಲಿ ಪಾದ್ರಿಯೊಬ್ಬ ಬೇಸರದಿಂದ ಬರೆದ ಪಟ್ಟಿಗೂ ಇನ್ನೂರು ವರ್ಷದ ತರುವಾಯ ಸರ್ಕಾರ ಬರೆದ ಪಟ್ಟಿಗೂ ಎಂಥ ಹೋಲಿಕೆ! ಎರಡೂ ಕಡೆ ಅನುಮಾನ ಒಂದೇ: ಬಡವನ ನಂಬಿಕೆ ನಂಬಿಕೆಯಲ್ಲ, ಹಸಿವು. ಆ ಪಟ್ಟಿಯನ್ನು ಇನ್ನೊಂದು ರೀತಿಯಲ್ಲೂ ಓದಬಹುದು. ಜೈಲಿನಿಂದ ಹೊರಬಂದವನಿಗೆ, ಬೀದಿಯಲ್ಲಿ ಮಲಗಿದವನಿಗೆ ಏನೇನು ಬೇಕು ಎಂದು ಬರೆದರೆ ಆಗುವುದೂ ಇದೇ ಪಟ್ಟಿ. ಉಣ್ಣಲು ಅನ್ನ, ಮಾಡಲು ಕೆಲಸ, ಮಕ್ಕಳಿಗೆ ಶಾಲೆ, ಒಂದು ಸಂಸಾರ, ನಾಳೆ ಇವತ್ತಿಗಿಂತ ಚೆನ್ನಾಗಿದ್ದೀತೆಂಬ ಭರವಸೆ. ಇವನ್ನು ಕೊಡುವುದು ತಪ್ಪಲ್ಲ. ಇವಕ್ಕೆ ಬೆಲೆ ಕಟ್ಟುವುದು ತಪ್ಪು. ಪ್ರಾರ್ಥನೆಗೆ ಬಂದರೆ ಮಾತ್ರ ಊಟ ಎನ್ನುವುದು ಎಷ್ಟು ಕೆಟ್ಟದ್ದೋ, ಪ್ರಾರ್ಥನೆ ಮಾಡುವವರು ಹಾಕಿದ ಊಟವಾದ್ದರಿಂದ ಉಣ್ಣಬೇಡ ಎನ್ನುವುದೂ ಅಷ್ಟೇ ಕೆಟ್ಟದ್ದು. ಅದರಲ್ಲೂ ಹಾಗೆನ್ನುವವನು ತಾನು ಊಟ ಹಾಕದವನಾಗಿದ್ದರೆ.

ಕ್ರೈಸ್ತರ ಶಾಸ್ತ್ರದಲ್ಲೇ ಇದಕ್ಕೆ ಒಂದು ಅಳತೆಗೋಲು ಇದೆಯೆಂದು ನನಗೆ ತೋರುತ್ತದೆ. ಪೌಲನ ಪತ್ರಗಳಲ್ಲೆಲ್ಲ ಚಿಕ್ಕದು ಫಿಲೆಮೋನನಿಗೆ ಬರೆದದ್ದು. ಪೌಲ ಸೆರೆಯಲ್ಲಿದ್ದಾನೆ. ಒಡೆಯನನ್ನು ಬಿಟ್ಟು ಬಂದ ಓನೇಸಿಮನೆಂಬ ಆಳು ಅಲ್ಲಿ ಅವನ ಶಿಷ್ಯನಾಗಿದ್ದಾನೆ. ಅವನನ್ನು ಒಡೆಯನ ಬಳಿಗೆ ಕಳಿಸುತ್ತ, ಆಳಿನಂತಲ್ಲ, ತಮ್ಮನಂತೆ ಸೇರಿಸಿಕೋ, ಅವನು ಕೊಡಬೇಕಾದ ಸಾಲವೇನಾದರೂ ಇದ್ದರೆ ನನ್ನ ಲೆಕ್ಕಕ್ಕೆ ಹಾಕು ಎಂದು ಪೌಲ ಕೇಳಿಕೊಳ್ಳುತ್ತಾನೆ. ಕೊನೆಗೆ ಒಂದು ಮನೆಮಾತು ಸೇರಿಸುತ್ತಾನೆ. ನನಗೂ ಒಂದು ಕೋಣೆ ಅಣಿಮಾಡಿಟ್ಟಿರು ಎಂದು. ಸೆರೆಯಲ್ಲಿರುವವನು ಕೇಳುವುದು ಕೋಣೆ. ಶಿಷ್ಯತ್ವ ಎಂಬ ದೊಡ್ಡ ಮಾತು ಕೊನೆಗೆ ಅಲ್ಲಿಗೆ ಬಂದು ನಿಲ್ಲುತ್ತದೆ. ನಮ್ಮ ಶರಣರಿಗೂ ಇದು ಹೊಸದಲ್ಲ. ಕನ್ನ ಕೊರೆಯುತ್ತಿದ್ದವನು ಕನ್ನದ ಮಾರಿತಂದೆಯಾಗಿ ವಚನಕಾರರ ಸಾಲಿನಲ್ಲಿ ಕುಳಿತಿದ್ದಾನೆ. ಹಳೆಯ ಕಸುಬಿನ ಹೆಸರನ್ನು ಅಳಿಸದೆ, ಅದರೊಂದಿಗೇ ಅವನನ್ನು ಕೂಡಿಸಿಕೊಂ಩ಡರು.

ಇತ್ತೀಚಿನ ಕಾಲದಲ್ಲಿ ಈ ಕೆಲಸ ಬೇಲಿ ಬಿಟ್ಟು ನಡೆದಿದೆ. 1981ರಲ್ಲಿ ಕೇರಳದ ಕೊಟ್ಟಾಯಂನಲ್ಲಿ ಗುರುಮಠದ ಇಬ್ಬರು ವಿದ್ಯಾರ್ಥಿಗಳಿಂದ ಮೊದಲಾದ 'ಪ್ರಿಸನ್ ಮಿನಿಸ್ಟ್ರಿ ಇಂಡಿಯಾ' ಇಂದು ಬೆಂಗಳೂರಿನಲ್ಲಿ ತನ್ನ ರಾಷ್ಟ್ರೀಯ ಕಚೇರಿ ಇಟ್ಟುಕೊಂಡು ಜೈಲುಗಳಿಗೆ ಹೋಗಿಬರುವ, ಬಿಡುಗಡೆಯಾದವರಿಗೆ ನೆಲೆ ಒದಗಿಸುವ, ಕೈದಿಗಳ ಮಕ್ಕಳನ್ನು ಓದಿಸುವ ಕೆಲಸ ಮಾಡುತ್ತಿದೆ. ಅದರ ಪೋಷಕ ಸಂತ ಮ್ಯಾಕ್ಸಿಮಿಲಿಯನ್ ಕೋಲ್ಬೆ, 1941ರ ಆಗಸ್ಟ್ 14ರಂದು ಆಶ್ವಿಟ್ಸ್ ಶಿಬಿರದಲ್ಲಿ ಬೇರೊಬ್ಬ ಕೈದಿಯ ಬದಲಿಗೆ ತಾನು ಸತ್ತವನು. ಬೆಂಗಳೂರಿನ 'ಆಟೋ ರಾಜ' ಎಂದು ಹೆಸರಾದ ಟಿ. ರಾಜ ಅವರ ಕಥೆ ಇನ್ನೂ ಹತ್ತಿರದ್ದು. ಬಾಲ್ಯದಲ್ಲಿ ಕಳ್ಳತನ, ಬೀದಿಯ ಬದುಕು, ಜೈಲು. ಆಮೇಲೆ ಆಟೋ ಚಾಲಕ. 1997ರಲ್ಲಿ ರಸ್ತೆಬದಿಯಲ್ಲಿ ಬಿದ್ದವರನ್ನು ತಂದು ಆರೈಕೆ ಮಾಡತೊಡಗಿದರು. ಅದು 'ನ್ಯೂ ಆರ್ಕ್ ಮಿಷನ್' ಎಂಬ ಸಂಸ್ಥೆಯಾಗಿ, 'ಹೋಮ್ ಆಫ್ ಹೋಪ್' ಎಂಬ ನೆಲೆಯಾಗಿ ಬೆಳೆದಿದೆ. ಸಮುದ್ರ ದಾಟಿ ಬಂದವರು ಮೇಲಿನಿಂದ ಬಗ್ಗಿ ನೋಡಿದ್ದನ್ನು ಇವರು ಪಕ್ಕದಲ್ಲಿ ಕುಳಿತು ನೋಡಿದ್ದಾರೆ. ಬೀದಿಯಲ್ಲಿ ಮಲಗಿದವನಿಗೇ ಗೊತ್ತು, ನಸುಕಿನಲ್ಲಿ ಯಾವ ಹೊತ್ತಿಗೆ ಚಳಿ ಹೆಚ್ಚೆಂದು.

ನಮ್ಮೂರಿನವನ ಮಾತಿಗೆ ಬರುತ್ತೇನೆ. ಒಮ್ಮೆ ಹೊಳಲ್ಕೆರೆಯ ಸಂತೆಯಲ್ಲಿ ಸಿಕ್ಕಿದ. ಬಟ್ಟೆ ಶುಭ್ರವಾಗಿತ್ತು, ಮುಖ ತಿಳಿಯಾಗಿತ್ತು. ಮನಸ್ಸಿನಲ್ಲಿ ಇದ್ದದ್ದನ್ನು ಕೇಳಿಯೇಬಿಟ್ಟೆ.

"ಅಣ್ಣ, ಅವ್ರು ನಿನ್ನ ಜಾತಿ ಕೆಡಿಸಿದ್ರು ಅಂತಾರಲ್ಲ?"

ಅವನು ನಕ್ಕ. "ಜಾತಿ ನಾನು ಜೈಲಿಗೆ ಹೋದಾಗ್ಲೇ ಕೆಟ್ಟಿತ್ತು ಮೇಷ್ಟ್ರೆ. ಇವ್ರು ಉಣ್ಣಾಕೆ ಕರುದ್ರು, ಹೋದೆ. ಪಕ್ಕದಾಗೆ ಕೂತು ಉಂಡ್ರು. ಅಷ್ಟೆಯ."

ಎರಡು ಮೂರು ವರ್ಷ ಅವನು ಅವರ ಪ್ರಾರ್ಥನೆಗೆ ತಪ್ಪದೆ ಹೋದ, ಹಾಡು ಕಲಿತ. ಆಮೇಲೆ ಹೋಗುವುದು ಕಡಿಮೆಯಾಯಿತು. ಊರಮ್ಮನ ಜಾತ್ರೆಗೆ ಹೋಗಬೇಕೆನ್ನಿಸಿದೆ ಎಂದು ಅಲ್ಲಿಯ ಪಾಸ್ಟರ ಬಳಿ ಹೇಳಿಕೊಂಡನಂತೆ. ಹೇಳುವ ಮೊದಲು ಕೋಣೆಯ ಬೀಗದಕೈಯನ್ನು ಅವರ ಮುಂದೆ ಇಟ್ಟನಂತೆ, ಇನ್ನು ಇಲ್ಲಿರುವುದು ಸರಿಯಲ್ಲವೆಂದು. ಆ ಪಾಸ್ಟರು ಬೀಗದಕೈಯನ್ನು ತೆಗೆದು ಅವನ ಜೇಬಿಗೇ ಹಾಕಿ, "ಹೋಗ್ಬಾ, ರಾತ್ರಿ ತಡ ಆದ್ರೆ ಬಾಗ್ಲು ನೀನೇ ತೆಗ್ದುಕೊಂಡು ಮಲಗು" ಅಂದರಂತೆ. ಇದನ್ನು ಅವನೇ ನನಗೆ ಹೇಳಿದ. ಹೇಳುವಾಗ ಜೇಬು ಮುಟ್ಟಿ ನೋಡಿಕೊಂಡ.

ಇಷ್ಟೆಲ್ಲ ಓದಿದ ಮೇಲೆ ನನಗೆ ಉಳಿದದ್ದು ಆ ಬೀಗದಕೈ. ಜೈಲಿನಲ್ಲಿ ಅದು ಹೊರಗಿನವನ ಕೈಯಲ್ಲಿರುತ್ತದೆ. ಸೆಟ್ಲ್‌ಮೆಂಟಿನಲ್ಲೂ ಹೊರಗಿನವನ ಕೈಯಲ್ಲೇ ಇತ್ತು. ಒಳಗಿರುವವನ ಜೇಬಿನಲ್ಲಿದ್ದರೆ ಮಾತ್ರ ಅದು ಮನೆ. ಧರ್ಮದ ಹೆಸರಿನಲ್ಲಿ ಆಗಲಿ ಸರ್ಕಾರದ ಹೆಸರಿನಲ್ಲಿ ಆಗಲಿ ಯಾರು ಆಸರೆ ಕೊಟ್ಟರೂ ನಾನು ಈಗ ನೋಡುವುದು ಇದೊಂದನ್ನೇ: ಅವನು ಬೇಡವೆಂದು ಎದ್ದುಹೋಗಬಹುದೇ, ಹೋದವನು ಮತ್ತೆ ಬರಬಹುದೇ?

ಅವನು ಈಗಿಲ್ಲ. ಸತ್ತಾಗ ತಮ್ಮನ ಮಕ್ಕಳು ಬಂದು ಹೆಣವನ್ನು ಊರಿಗೆ ಒಯ್ದರು, ನಮ್ಮ ಪದ್ಧತಿಯಂತೆ ಮಣ್ಣು ಮಾಡಿದರು. ಪಾಸ್ಟರು, ಇನ್ನೂ ಇಬ್ಬರು ದೂರದ ಬೇವಿನ ಮರದ ಕೆಳಗೆ ನಿಂತಿದ್ದು, ಎಲ್ಲ ಮುಗಿದ ಮೇಲೆ ಬಂದು ಒಂದೊಂದು ಹಿಡಿ ಮಣ್ಣು ಹಾಕಿ ಹೋದರು. ಯಾರೂ ಏನೂ ಅನ್ನಲಿಲ್ಲ. ನಾನೂ ಹಾಕಿದೆ.

ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಈಗ ಹಳೆಯ ಪುಸ್ತಕ, ಪತ್ರಿಕೆಗಳ ಕಟ್ಟುಗಳಿವೆ. ಈ ಲೇಖನಕ್ಕೆ ಬೇಕಾದ್ದನ್ನೆಲ್ಲ ಅಲ್ಲೇ ಕುಳಿತು ಓದಿದೆ. ಇಬ್ಬರು ಧಾರಾಳವಾಗಿ ಮಲಗುವಷ್ಟು ಜಾಗವಿದೆ.